ಉಚಿತವಾದ ಉಪಕರಣವೂ ಅದರ ಋಣವೂ

ಕಸುಬುಗಾರನಿಗೂ ಅವನ ಉಪಕರಣಕ್ಕೂ ಇರುವ ಸಂಬಂಧವು ಬರಿಯ ಪ್ರಯೋಜನದ ಸಂಬಂಧವಲ್ಲ. ನೇಕಾರನ ಮಗ್ಗವು ಅವನ ಸ್ವಂತದ್ದಾಗಿದ್ದರೆ ನೆಯ್ದ ಬಟ್ಟೆಯ ಮೇಲೆ ಅವನ ಅಧಿಕಾರವು ಪೂರ್ಣವಾಗಿರುತ್ತದೆ. ಮಗ್ಗವು ಸಾಹುಕಾರನದಾಗಿದ್ದರೆ ಬಟ್ಟೆಯ ಒಂದು ಸೆರಗು ಯಾವಾಗಲೂ ಸಾಹುಕಾರನ ಕೈಯಲ್ಲಿಯೇ ಇರುತ್ತದೆ. ಬಾಡಿಗೆ ಇಷ್ಟೆಂದು ಮೊದಲೇ ಗೊತ್ತಾಗಿದ್ದು, ಅದು ನ್ಯಾಯವಾಗಿಯೂ ಇದ್ದರೆ, ಅಂಥ ವ್ಯವಹಾರದಲ್ಲಿ ದೋಷವೇನೂ ಇಲ್ಲ. ಆದರೆ ಬಟ್ಟೆಯನ್ನು ನೆಯ್ದು ಮುಗಿಸಿ ಮಾರಾಟಕ್ಕಿಟ್ಟ ಮೇಲೆ ಸಾಹುಕಾರನು ಬಂದು ಬಾಡಿಗೆಯ ಲೆಕ್ಕವನ್ನೇ ಬದಲಾಯಿಸಿದರೆ ನೇಕಾರನ ಗತಿಯೇನು? ಅಥವಾ ಯಾರೋ ಉದಾರಿಯೊಬ್ಬನು ಊರ ನಡುವೆ ಮಗ್ಗವೊಂದನ್ನು ನಿಲ್ಲಿಸಿ, ಬೇಕಾದವರು ನೆಯ್ದುಕೊಳ್ಳಬಹುದೆಂದು ಬಿಟ್ಟುಕೊಟ್ಟರೆ, ಅದು ಮುರಿದ ದಿನ ಸರಿಪಡಿಸತಕ್ಕವರು ಯಾರು? ಈ ಎರಡು ಪ್ರಶ್ನೆಗಳೂ ಹಳೆಯವೇ. ಕಂಪ್ಯೂಟರ್ ಆಟಗಳನ್ನು ರಚಿಸುವ ಹೊಸ ಕಸುಬಿನಲ್ಲಿ ಅವು ಹೊಸ ರೂಪದಿಂದ ಎದುರಾಗಿವೆ. ಗೊಡೊ ಎಂಬ ಉಚಿತವೂ ಮುಕ್ತವೂ ಆದ ಎಂಜಿನ್ನಿನ ಗುಣದೋಷಗಳನ್ನು ವಿಚಾರಿಸಹೊರಟರೆ ಈ ಪ್ರಶ್ನೆಗಳನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ.

ಆಟದ ಎಂಜಿನ್ ಎಂದರೆ ಆಟವಲ್ಲ. ಆಟವನ್ನು ಕಟ್ಟುವ ಸಾಧನ. ತೆರೆಯ ಮೇಲೆ ಚಿತ್ರವನ್ನು ಮೂಡಿಸುವುದು, ಎಸೆದ ಚೆಂಡು ನೆಲಕ್ಕೆ ತಾಗಿ ಪುಟಿಯುವಂತೆ ಲೆಕ್ಕ ಹಾಕುವುದು, ಸದ್ದನ್ನು ಹೊರಡಿಸುವುದು, ಆಡುವವನು ಒತ್ತಿದ ಗುಂಡಿಯನ್ನು ಗ್ರಹಿಸುವುದು ಇವೇ ಮೊದಲಾದ ಕೆಲಸಗಳು ಎಲ್ಲ ಆಟಗಳಿಗೂ ಸಾಮಾನ್ಯ. ಪ್ರತಿಯೊಬ್ಬನೂ ಇವನ್ನು ಮೊದಲಿನಿಂದ ಬರೆಯುವುದಾದರೆ ಆಯುಷ್ಯವು ಅದರಲ್ಲಿಯೇ ಕಳೆದುಹೋದೀತು. ಆದುದರಿಂದ ಈ ಸಾಮಾನ್ಯ ಕಾರ್ಯಗಳನ್ನೆಲ್ಲ ಒಂದೆಡೆ ಕೂಡಿಸಿ ಸಿದ್ಧಪಡಿಸಿಟ್ಟ ತಂತ್ರಾಂಶವನ್ನು ಎಂಜಿನ್ ಎನ್ನುತ್ತಾರೆ. ಒಂದು ಎಂಜಿನ್ನಿನಲ್ಲಿ ಕಟ್ಟಿದ ಆಟವನ್ನು ಮತ್ತೊಂದಕ್ಕೆ ಸಾಗಿಸುವುದು ಸುಲಭವಲ್ಲ. ಬಹುಪಾಲನ್ನು ಮತ್ತೆ ಬರೆಯಬೇಕಾಗುತ್ತದೆ. ಎರಡು ಮೂರು ವರ್ಷ ದುಡಿದು ಅರ್ಧ ಕಟ್ಟಿದವನು ಎಂಜಿನ್ನಿನ ಒಡೆಯನು ಏನು ಹೇಳಿದರೂ ಕೇಳಬೇಕಾದ ಸ್ಥಿತಿಗೆ ಬಂದಿರುತ್ತಾನೆ.

ಈ ಸ್ಥಿತಿಯು ಎಷ್ಟು ಅಪಾಯಕರವೆಂಬುದು ೨೦೨೩ನೆಯ ಇಸವಿಯಲ್ಲಿ ಎಲ್ಲರಿಗೂ ಮನದಟ್ಟಾಯಿತು. ಜಗತ್ತಿನ ಸಣ್ಣ ದೊಡ್ಡ ಆಟಗಾರಿಕೆಯ ಸಂಸ್ಥೆಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಯೂನಿಟಿ ಎಂಬ ಎಂಜಿನ್ನಿನ ಒಡೆತನದ ಕಂಪನಿಯು ಆ ವರ್ಷದ ಸೆಪ್ಟೆಂಬರ್ ೧೨ರಂದು ಒಂದು ಹೊಸ ಶುಲ್ಕವನ್ನು ಸಾರಿತು. ವರಮಾನವೂ ಪ್ರತಿಗಳ ಸಂಖ್ಯೆಯೂ ಒಂದು ಮಿತಿಯನ್ನು ದಾಟಿದ ಆಟವನ್ನು ಯಾರಾದರೂ ತಮ್ಮ ಯಂತ್ರದಲ್ಲಿ ಸ್ಥಾಪಿಸಿಕೊಂಡಾಗಲೆಲ್ಲ ಆಟದ ಕರ್ತೃವು ಕಂಪನಿಗೆ ೨೦ ಸೆಂಟಿನವರೆಗೆ ತೆರಬೇಕೆಂದೂ, ಇದು ೨೦೨೪ನೆಯ ಜನವರಿ ೧ರಿಂದ ಜಾರಿಗೆ ಬರುವುದೆಂದೂ, ಅದಕ್ಕೆ ಮೊದಲೇ ಪ್ರಕಟವಾಗಿದ್ದ ಆಟಗಳಿಗೂ ಅನ್ವಯಿಸುವುದೆಂದೂ ಅದರ ತಾತ್ಪರ್ಯ. ಮಾರಾಟದ ಮೇಲೆ ಪಾಲು ಕೇಳುವುದು ಬೇರೆ, ಆಡುವವನು ಎಷ್ಟು ಸಲ ಸ್ಥಾಪಿಸಿಕೊಂಡನೆಂದು ಎಣಿಸಿ ಕೇಳುವುದು ಬೇರೆ. ಕರ್ತೃಗಳಿಂದ ಪ್ರಬಲವಾದ ಪ್ರತಿಭಟನೆ ಎದ್ದಿತು. ಹತ್ತು ದಿನಗಳಲ್ಲಿ ಕಂಪನಿಯು ನಿಯಮವನ್ನು ಸಡಿಲಿಸಿತು; ಮರುತಿಂಗಳು ಅದರ ಮುಖ್ಯಾಧಿಕಾರಿಯು ಪದವಿಯಿಂದಿಳಿದನು; ಒಂದು ವರ್ಷದ ಮೇಲೆ, ೨೦೨೪ನೆಯ ಸೆಪ್ಟೆಂಬರಿನಲ್ಲಿ, ಆ ಶುಲ್ಕವನ್ನು ಪೂರ್ತಿಯಾಗಿ ಕೈಬಿಡಲಾಯಿತು. ಆದರೆ ಒಮ್ಮೆ ಕದಲಿದ ನಂಬಿಕೆಯು ಶುಲ್ಕವನ್ನು ಹಿಂತೆಗೆದುಕೊಂಡ ಮಾತ್ರಕ್ಕೆ ಮರಳಿ ನೆಲೆಗೊಳ್ಳುವುದಿಲ್ಲ. ಬಹುಜನರ ದೃಷ್ಟಿಯು ಗೊಡೊದ ಕಡೆಗೆ ತಿರುಗಿದುದು ಈ ಸಂದರ್ಭದಲ್ಲಿಯೇ.

ಗೊಡೊ ಹುಟ್ಟಿದುದು ದಕ್ಷಿಣ ಅಮೆರಿಕದ ಅರ್ಜೆಂಟೀನ ದೇಶದಲ್ಲಿ. ಹ್ವಾನ್ ಲಿನಿಯೆಟ್‌ಸ್ಕಿ, ಆರಿಯೆಲ್ ಮಂಜೂರ್ ಎಂಬ ಇಬ್ಬರು ತಮ್ಮ ಉದ್ಯೋಗಕ್ಕಾಗಿ ಇದನ್ನು ಕಟ್ಟಿಕೊಂಡು ಹಲವು ವರ್ಷ ಬಳಸಿ, ೨೦೧೪ನೆಯ ಫೆಬ್ರವರಿಯಲ್ಲಿ ಅದರ ಮೂಲಬರಹವನ್ನು ಸಮಸ್ತರಿಗೂ ಬಿಟ್ಟುಕೊಟ್ಟರು. ಸ್ಯಾಮ್ಯುಯೆಲ್ ಬೆಕೆಟ್ಟನ ಸುಪ್ರಸಿದ್ಧ ನಾಟಕದಲ್ಲಿ ಇಬ್ಬರು ಯಾರಿಗಾಗಿ ಕಾಯುತ್ತಿರುತ್ತಾರೆಯೋ, ಎಂದಿಗೂ ಯಾರು ಬರುವುದಿಲ್ಲವೋ, ಅವನ ಹೆಸರನ್ನೇ ಎಂಜಿನ್ನಿಗೆ ಇಟ್ಟಿದ್ದಾರೆ. ಹೊಸ ಹೊಸ ಅನುಕೂಲಗಳನ್ನು ಸೇರಿಸುವ ಆಸೆಗೆ ಕೊನೆಯಿಲ್ಲ, ಪರಿಪೂರ್ಣತೆಯು ಎಂದಿಗೂ ಕೈಗೂಡದು ಎಂಬುದು ಆ ಹೆಸರಿನ ಇಂಗಿತ. ತಮ್ಮ ಕೃತಿಯ ಅಪೂರ್ಣತೆಯನ್ನು ಹೆಸರಿನಲ್ಲಿಯೇ ಸಾರಿದವರನ್ನು ಕಪಟಿಗಳೆಂದು ಯಾರೂ ಅನ್ನಲಾರರು.

ಇದರ ಪರವಾನಗಿಯು ಎಂ.ಐ.ಟಿ. ಪರವಾನಗಿಯೆಂದು ಪ್ರಸಿದ್ಧವಾದುದು. ಯಾರು ಬೇಕಾದರೂ ಬಳಸಬಹುದು, ನಕಲು ಮಾಡಬಹುದು, ತಿದ್ದಬಹುದು, ಮಾರಲೂಬಹುದು. ಹಕ್ಕಿನ ಸೂಚನೆಯನ್ನೂ ಪರವಾನಗಿಯ ಪಾಠವನ್ನೂ ಜೊತೆಯಲ್ಲಿರಿಸಿದರೆ ಸಾಕು. ಆಟದಿಂದ ಕೋಟಿ ಬಂದರೂ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಅನ್‌ರಿಯಲ್ ಎಂಬ ಪ್ರಬಲವಾದ ಎಂಜಿನ್ನು ಒಂದು ಆಟದ ವರಮಾನವು ೧೦ ಲಕ್ಷ ಡಾಲರನ್ನು ಮೀರಿದ ಮೇಲೆ ಸಾಮಾನ್ಯವಾಗಿ ನೂರಕ್ಕೆ ೫ರಂತೆ ಪಾಲು ಕೇಳುತ್ತದೆ. ಅದು ಅನ್ಯಾಯವೇನಲ್ಲ, ಹೇಳಿ ಕೇಳುವ ಪಾಲು. ಆದರೆ ಗೊಡೊದಲ್ಲಿ ಕೇಳತಕ್ಕವನೇ ಇಲ್ಲ. ಇದಕ್ಕಿಂತ ಹೆಚ್ಚಿನದು ಇನ್ನೊಂದಿದೆ: ಒಮ್ಮೆ ಕೊಟ್ಟ ಪ್ರತಿಯನ್ನು ಹಿಂದಕ್ಕೆ ಪಡೆಯಲು ಕೊಟ್ಟವರಿಗೂ ಅಧಿಕಾರವಿಲ್ಲ. ನಾಳೆ ಅದರ ಪಾಲಕರೆಲ್ಲರೂ ಮನಸ್ಸು ಬದಲಾಯಿಸಿದರೂ, ಇಂದು ಕೈಗೆ ಬಂದ ಮೂಲಬರಹವನ್ನು ಹಿಡಿದು ಬೇರೆಯವರು ಕೆಲಸವನ್ನು ಮುಂದುವರಿಸಬಹುದು. ದಾನವು ದಾತೃವಿನ ಮನಸ್ಸಿನ ಚಂಚಲತೆಗೆ ಸಿಕ್ಕದಂತೆ ಮಾಡಿರುವುದು ಈ ಏರ್ಪಾಟಿನ ಮುಖ್ಯವಾದ ಬಲ.

ಬಳಕೆಯಲ್ಲಿಯೂ ಇದಕ್ಕೆ ಒಳ್ಳೆಯ ಗುಣಗಳಿವೆ. ತಂತ್ರಾಂಶವು ಗಾತ್ರದಲ್ಲಿ ಚಿಕ್ಕದು. ಸಾಧಾರಣವಾದ ಯಂತ್ರದ ಮೇಲೆಯೂ ನಡೆಯುತ್ತದೆ. ಹೆಸರು ನೋಂದಾಯಿಸುವ ಕಾಟವಿಲ್ಲ. ಆಟದ ಪ್ರತಿಯೊಂದು ಅಂಗವನ್ನೂ ಕೊಂಬೆರೆಂಬೆಗಳುಳ್ಳ ಮರದಂತೆ ಜೋಡಿಸುವ ಕ್ರಮವು ಕಲಿಯುವವನಿಗೆ ಬೇಗ ಹಿಡಿಸುತ್ತದೆ. ಅದರ ಸ್ವಂತ ಭಾಷೆಯಾದ ಜಿಡಿಸ್ಕ್ರಿಪ್ಟು ಸರಳವಾದುದು. ಪೈಥಾನ್ ಭಾಷೆಯನ್ನು ಬಲ್ಲ ವಿದ್ಯಾರ್ಥಿಗೆ ಅದು ಪರಿಚಿತ ಮುಖದಂತೆ ಕಾಣುವುದು. ಎರಡು ಆಯಾಮದ, ಅಂದರೆ ಚಿತ್ರಪಟದಂತೆ ಚಪ್ಪಟೆಯಾದ ಆಟಗಳನ್ನು ರಚಿಸುವುದಕ್ಕೆ ಇದು ಬಹಳ ಅನುಕೂಲವಾದುದು. ಬ್ರೊಟಾಟೊ, ಡೋಮ್ ಕೀಪರ್, ಕ್ಯಾಸೆಟ್ ಬೀಸ್ಟ್ಸ್ ಮೊದಲಾದ ಜನಪ್ರಿಯ ಆಟಗಳು ಇದರಲ್ಲಿಯೇ ಸಿದ್ಧವಾದವು. ಯೂನಿಟಿಯಲ್ಲಿ ಆರಂಭಿಸಿದ್ದ ಕೆಲಸವನ್ನು ಬಿಟ್ಟು ತನ್ನ ‘ಸ್ಲೇ ದಿ ಸ್ಪೈರ್’ ಆಟದ ಎರಡನೆಯ ಭಾಗವನ್ನು ಗೊಡೊದಲ್ಲಿ ಕಟ್ಟಿದ ಮೆಗಾ ಕ್ರಿಟ್ ಎಂಬ ಸಂಸ್ಥೆಯ ಉದಾಹರಣೆಯೂ ಇದೆ.

ಮುಕ್ತತೆಯ ಫಲವನ್ನು ಕನ್ನಡಿಗರು ತಮ್ಮ ಅಕ್ಷರದಲ್ಲಿಯೇ ಕಾಣಬಹುದು. ಗೊಡೊದ ಮೂರನೆಯ ಆವೃತ್ತಿಯವರೆಗೆ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸಿ ತೋರಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. ‘ಕ್ಷ’ ಎಂದು ಬರೆದರೆ ಕಕಾರವೂ ಷಕಾರವೂ ಒತ್ತಾಗಿ ಕೂಡದೆ ಬೇರೆ ಬೇರೆಯಾಗಿ ನಿಲ್ಲುತ್ತಿದ್ದವು. ಕನ್ನಡ ಮಕ್ಕಳಿಗಾಗಿ ಅಕ್ಷರದಾಟವನ್ನು ರಚಿಸಬೇಕೆಂಬವನಿಗೆ ಅಕ್ಷರವೇ ಅಡ್ಡಿಯಾಗುತ್ತಿತ್ತು. ೨೦೨೩ನೆಯ ಮಾರ್ಚಿಯಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಯಲ್ಲಿ ಈ ಕೊರತೆ ನೀಗಿತು. ಅದಕ್ಕೆ ಹಾರ್ಫ್‌ಬಜ್ ಎಂಬ ಮತ್ತೊಂದು ಮುಕ್ತ ತಂತ್ರಾಂಶದ ನೆರವನ್ನು ಪಡೆಯಲಾಯಿತು. ಕನ್ನಡಕ್ಕೆಷ್ಟು ಗಿರಾಕಿಗಳಿದ್ದಾರೆಂದು ಎಣಿಸುವ ವ್ಯಾಪಾರಿಯ ಲೆಕ್ಕದಲ್ಲಿ ಈ ಕೆಲಸವು ಬಹುಕಾಲ ಹಿಂದೆಯೇ ಉಳಿಯಬಹುದಾಗಿತ್ತು. ಅರಬ್ಬೀ, ಹೀಬ್ರೂ, ದೇವನಾಗರಿ, ಕನ್ನಡ ಲಿಪಿಗಳೆಲ್ಲಕ್ಕೂ ಒಂದೇ ಶ್ರಮದಿಂದ ಉಪಕಾರವಾಯಿತು. ಒಬ್ಬರ ದಾನವು ಇನ್ನೊಬ್ಬರ ದಾನಕ್ಕೆ ಆಧಾರವಾಯಿತು.

ಇನ್ನು ದೋಷಗಳು. ಮೂರು ಆಯಾಮದ ಭವ್ಯವಾದ ದೃಶ್ಯಗಳನ್ನು ಮೂಡಿಸುವುದರಲ್ಲಿ ಗೊಡೊ ಅನ್‌ರಿಯಲ್ಲಿಗೆ ಸಮನಲ್ಲ. ಜಿಡಿಸ್ಕ್ರಿಪ್ಟು ಕಲಿಯಲು ಸುಲಭವಾದರೂ ಭಾರವಾದ ಗಣಿತಕ್ಕೆ ನಿಧಾನ. ಮರಗಿಡ, ಮನೆ, ಪಾತ್ರ, ಸದ್ದು ಮುಂತಾದ ಸಿದ್ಧ ಸಾಮಗ್ರಿಗಳ ಭಂಡಾರವು ಯೂನಿಟಿಯದರಷ್ಟು ಸಮೃದ್ಧವಾಗಿಲ್ಲ. ಮೂರನೆಯ ಆವೃತ್ತಿಯಿಂದ ನಾಲ್ಕನೆಯದಕ್ಕೆ ಬಂದಾಗ ಒಳರಚನೆಯು ಬಹಳವಾಗಿ ಬದಲಾದುದರಿಂದ, ಹಿಂದಿನದರಲ್ಲಿ ಕಟ್ಟಿದ ಆಟಗಳನ್ನು ತರುವುದಕ್ಕೆ ಎಷ್ಟೋ ಭಾಗವನ್ನು ಕೈಯಿಂದಲೇ ತಿದ್ದಬೇಕಾಯಿತು. ಪ್ಲೇಸ್ಟೇಷನ್, ಸ್ವಿಚ್, ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಗಳ ವಿಷಯದಲ್ಲಂತೂ ಮುಕ್ತತೆಯೇ ತೊಡಕಾಯಿತು. ಆ ಯಂತ್ರಗಳ ರಹಸ್ಯಗಳನ್ನು ಅವುಗಳ ಕಂಪನಿಗಳು ಗೋಪ್ಯದ ಕರಾರಿಗೆ ಸಹಿ ಹಾಕಿದವರಿಗೆ ಮಾತ್ರ ತಿಳಿಸುತ್ತವೆ; ಎಲ್ಲವನ್ನೂ ಎಲ್ಲರಿಗೂ ತೆರೆದಿಡುವ ಎಂಜಿನ್ನು ಅವನ್ನು ತನ್ನ ಮೂಲಬರಹದಲ್ಲಿ ಸೇರಿಸಿಕೊಳ್ಳುವುದು ಹೇಗೆ? ಆದುದರಿಂದ ಆ ಯಂತ್ರಗಳಿಗೆ ಆಟವನ್ನು ಒಯ್ಯಬೇಕಾದವನು ಹೊರಗಿನ ಸಂಸ್ಥೆಗಳನ್ನು ಆಶ್ರಯಿಸುವುದು ವಾಡಿಕೆಯಾಗಿದೆ. ಇಂಥ ಸೇವೆಯನ್ನು ಹಣಕ್ಕೆ ಒದಗಿಸುವ ಸಂಸ್ಥೆಯೊಂದನ್ನು ಲಿನಿಯೆಟ್‌ಸ್ಕಿ ಮೊದಲಾದವರೇ ೨೦೨೨ರಲ್ಲಿ ಸ್ಥಾಪಿಸಿದರು.

ಇವೆಲ್ಲಕ್ಕಿಂತ ಗಹನವಾದ ಕೊರತೆಯು ಪರವಾನಗಿಯ ಕಡೆಯ ಭಾಗದಲ್ಲಿದೆ. ಈ ವಸ್ತುವನ್ನು ಇದ್ದುದು ಇದ್ದಂತೆಯೇ ಕೊಡಲಾಗಿದೆ, ಇದರಿಂದ ಉಂಟಾಗುವ ಯಾವ ನಷ್ಟಕ್ಕೂ ಕೊಟ್ಟವರು ಹೊಣೆಯಲ್ಲ ಎಂಬುದು ಅದರ ಸಾರ. ದೋಷವನ್ನು ಕಂಡು ತಿಳಿಸಿದವನಿಗೆ ಉತ್ತರ ಬರಬಹುದು, ಬಾರದೆಯೂ ಇರಬಹುದು. ತಿಳಿಸಲ್ಪಟ್ಟ ದೋಷಗಳೂ, ಯಾರೋ ತಿದ್ದಿ ಕಳುಹಿಸಿದ ಪಾಠಗಳೂ ಸಾವಿರಗಟ್ಟಲೆ ಕಾದು ಕುಳಿತಿರುತ್ತವೆ. ಅವನ್ನು ಪರಿಶೀಲಿಸಬಲ್ಲ ಅನುಭವಿಗಳು ಕೆಲವರೇ. ತಿದ್ದಲು ಬರುವ ಕೈ ಬಹಳ, ತಿದ್ದಿದುದು ಸರಿಯೆಂದು ಹೇಳುವ ಕಣ್ಣು ವಿರಳ. ಗೊಡೊ ಎಂಬ ಹೆಸರಿನ ಇನ್ನೊಂದು ಅರ್ಥವು ಇಲ್ಲಿ ಬಳಕೆದಾರನ ಅನುಭವಕ್ಕೆ ಬರುತ್ತದೆ.

ಹೀಗೆ ನೋಡಿದರೆ ಬಲವೂ ದೌರ್ಬಲ್ಯವೂ ಒಂದೇ ಬೇರಿನಿಂದ ಹೊರಟಿರುವುದು ಕಾಣುತ್ತದೆ. ಅಪ್ಪಣೆ ಮಾಡುವ ಒಡೆಯನಿಲ್ಲದ ಕಾರಣ ಇದನ್ನು ಯಾರೂ ಕಸಿದುಕೊಳ್ಳಲಾರರು; ಅದೇ ಕಾರಣದಿಂದ ಇದನ್ನು ಸರಿಪಡಿಸಿಕೊಡಬೇಕೆಂದು ಯಾರನ್ನೂ ನಿರ್ಬಂಧಿಸುವಂತೆಯೂ ಇಲ್ಲ. ಹಾಗಾದರೆ ಇದು ಸ್ವಾತಂತ್ರ್ಯವೋ, ಅನಾಥತೆಯೋ ಎಂದು ಕೇಳುವವರುಂಟು. ಹಣ ಕೊಟ್ಟು ಕೊಂಡ ವಸ್ತುವಿಗಾದರೆ ಉತ್ತರ ಹೇಳಲು ಒಬ್ಬನಿರುತ್ತಾನೆ ಎಂಬುದು ಅವರ ವಾದ. ವಾದದಲ್ಲಿ ಸತ್ಯಾಂಶವಿದೆ. ಆದರೆ ೨೦೨೩ರ ಸಂಗತಿಯು ಇದಕ್ಕೆ ಮಿತಿಯನ್ನು ತೋರಿಸಿದೆ: ಉತ್ತರ ಹೇಳತಕ್ಕವನಿಗೇ ಆಜ್ಞೆ ಮಾಡುವ ಶಕ್ತಿಯೂ ಇರುತ್ತದೆ. ಹೊಣೆಯುಳ್ಳ ಒಡೆಯನನ್ನು ಬಯಸುವವನು ಆ ಒಡೆತನವನ್ನೂ ಸಹಿಸಬೇಕು. ಒಡೆತನವೇ ಬೇಡವೆನ್ನುವವನು ಹೊಣೆಯಲ್ಲಿ ಒಂದು ಪಾಲನ್ನು ತಾನೇ ಹೊರಬೇಕು. ಎರಡರ ಲಾಭವನ್ನೂ ಪಡೆದು ಎರಡರ ಭಾರವನ್ನೂ ತಪ್ಪಿಸಿಕೊಳ್ಳುವ ಮೂರನೆಯ ದಾರಿ ಇಲ್ಲ.

ಆ ಪಾಲು ಎಷ್ಟೆಂಬುದೇ ಧರ್ಮದ ಪ್ರಶ್ನೆ. ಪರವಾನಗಿಯು ಏನನ್ನೂ ಕೇಳುವುದಿಲ್ಲ. ಆದರೆ ಕಾನೂನು ಮೌನವಾಗಿರುವಲ್ಲೆಲ್ಲ ಧರ್ಮವೂ ಮೌನವಾಗಿರುತ್ತದೆಂದು ತಿಳಿಯಬಾರದು. ಊರ ಕೆರೆಯಿಂದ ನೀರು ಹಾಯಿಸಿಕೊಂಡವನಿಗೆ ಕಂದಾಯವಿಲ್ಲದಿರಬಹುದು. ಹೂಳು ತುಂಬಿದ ವರ್ಷ ಅವನು ಗುದ್ದಲಿ ಹಿಡಿದು ಬಾರದಿದ್ದರೆ ಊರು ಅವನನ್ನು ಏನೆಂದು ತಿಳಿದೀತು? ಯೂನಿಟಿಯ ಗಲಭೆಯ ಕಾಲದಲ್ಲಿ ‘ಟೆರೇರಿಯ’ ಎಂಬ ಆಟದ ಕರ್ತೃಗಳಾದ ರೀ-ಲಾಜಿಕ್ ಸಂಸ್ಥೆಯವರು ತಾವು ಗೊಡೊವನ್ನು ಬಳಸದಿದ್ದರೂ ಅದಕ್ಕೆ ೧ ಲಕ್ಷ ಡಾಲರನ್ನು ಕೊಟ್ಟು, ತಿಂಗಳಿಗೆ ೧,೦೦೦ ಡಾಲರಿನ ನೆರವನ್ನೂ ಸಾರಿದರು. ನೆದರ್ಲೆಂಡ್ಸಿನಲ್ಲಿ ೨೦೨೨ರಲ್ಲಿ ಏರ್ಪಟ್ಟ ಗೊಡೊ ಪ್ರತಿಷ್ಠಾನವು ಇಂಥ ಕಾಣಿಕೆಗಳಿಂದಲೇ ಕೆಲವರಿಗೆ ಸಂಬಳ ಕೊಟ್ಟು ಕೆಲಸ ನಡೆಸುತ್ತಿದೆ. ಹಣವಿಲ್ಲದವನು ದೋಷವನ್ನು ಸ್ಪಷ್ಟವಾಗಿ ಬರೆದು ತಿಳಿಸಬಹುದು, ಬಲ್ಲವನು ತಿದ್ದಬಹುದು, ಅಧ್ಯಾಪಕನು ಕನ್ನಡದಲ್ಲಿ ಪಾಠ ಬರೆಯಬಹುದು, ಏನೂ ಆಗದವನು ಉಚಿತವಾಗಿ ದುಡಿಯುವವರನ್ನು ಆಳುಗಳೆಂಬಂತೆ ಗದರಿಸದೆ ಇರಬಹುದು. ಕಲಿಯುತ್ತಿರುವ ಬಾಲಕನಿಂದ ಚೆನ್ನಾಗಿ ಕಲಿಯುವುದರ ಹೊರತು ಬೇರೇನನ್ನೂ ನಿರೀಕ್ಷಿಸಬೇಕಾಗಿಲ್ಲ. ಲಾಭ ಪಡೆದಷ್ಟೂ ಪಾಲು ಹೆಚ್ಚುತ್ತದೆ.

ಪ್ರತಿಫಲವನ್ನು ಎಣಿಸಿದರೆ ದಾನವು ವ್ಯಾಪಾರವಾಗುವುದಿಲ್ಲವೆ ಎಂಬ ಆಕ್ಷೇಪವೊಂದು ಉಳಿಯುತ್ತದೆ. ಕೊಟ್ಟವನು ಎಣಿಸಿದರೆ ಹಾಗಾಗುವುದು ನಿಜ. ಆದುದರಿಂದಲೇ ಅವನು ಕೇಳಬಾರದು, ಪರವಾನಗಿಯೂ ಕೇಳುವುದಿಲ್ಲ. ಆದರೆ ಪಡೆದವನು ಎಣಿಸಿಕೊಂಡರೆ ಅದು ವ್ಯಾಪಾರವಲ್ಲ, ಕೃತಜ್ಞತೆ. ಒಂದೇ ಋಣವನ್ನು ಒಬ್ಬನು ಮರೆಯುವುದೂ ಇನ್ನೊಬ್ಬನು ನೆನೆಯುವುದೂ ಧರ್ಮವಾಗಿರುವುದು ವಿಚಿತ್ರವಾಗಿ ಕಂಡರೂ, ಲೋಕದ ಎಷ್ಟೋ ಒಳ್ಳೆಯ ಕೆಲಸಗಳು ನಿಂತಿರುವುದು ಅದರ ಮೇಲೆಯೇ.

ಆದುದರಿಂದ ಎಂಜಿನ್ನನ್ನು ಆರಿಸಿಕೊಳ್ಳಹೊರಟ ತರುಣನು ಬೆಲೆಯನ್ನೊಂದೇ ನೋಡದಿರುವುದು ಲೇಸು. ಅತಿ ವೈಭವದ ಮೂರು ಆಯಾಮದ ಆಟವನ್ನು ದೊಡ್ಡ ಬಂಡವಾಳದಿಂದ ಕಟ್ಟುವವನಿಗೆ ಪಾಲು ಕೇಳುವ ಎಂಜಿನ್ನೇ ತಕ್ಕುದಾಗಿರಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಚಿಕ್ಕದಾಗಿ ಆರಂಭಿಸಿ, ತನ್ನ ಶ್ರಮದ ಫಲವು ತನ್ನದಾಗಿಯೇ ಉಳಿಯಬೇಕೆಂದು ಬಯಸುವವನಿಗೆ ಗೊಡೊ ಯೋಗ್ಯವಾದ ಆಸರೆ. ಅದನ್ನು ಕೈಗೆತ್ತಿಕೊಳ್ಳುವಾಗ, ತಾನು ಒಂದು ವಸ್ತುವನ್ನು ಪಡೆದುದಲ್ಲದೆ ಅದನ್ನು ಕಾಯುವವರ ಸಾಲಿನಲ್ಲಿಯೂ ನಿಂತಿದ್ದೇನೆಂಬುದನ್ನು ಅವನು ಅರಿತಿದ್ದರೆ ಸಾಕು. ಕೊಟ್ಟವರು ಕೇಳದೆ ಬಿಟ್ಟುದು ಅವರಿಗೆ ಸಂದಂತೆಯೇ ಆಗುವುದು.