ಕಿಚ್ಚಿಗೆ ಮಂತ್ರ ಬೇಕಿಲ್ಲ

ಸಂಕ್ರಾಂತಿಯ ಸಂಜೆ ಮದ್ದೂರು, ಮಳವಳ್ಳಿ ಸೀಮೆಯ ಊರುಗಳಲ್ಲಿ ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚುತ್ತಾರೆ. ಮೈ ತೊಳೆದು, ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ ದನಗಳು ಆ ಉರಿ ದಾಟುತ್ತವೆ. ಹಗ್ಗ ಹಿಡಿದ ಒಡೆಯನೂ ಜೊತೆಗೇ ಹಾಯುತ್ತಾನೆ. ಹಬ್ಬದ ಹೆಸರು ಸಂಸ್ಕೃತದ್ದು, ದಿನ ಪಂಚಾಂಗದ್ದು. ಕಿಚ್ಚು ಹಾಯಿಸುವುದಕ್ಕೆ ಮಾತ್ರ ಪುರೋಹಿತರೂ ಬೇಡ, ಗರ್ಭಗುಡಿಯೂ ಬೇಡ. ಜನರ ಧರ್ಮ ಬಾಳುವುದು ಇಂಥ ಕೆಲಸದಲ್ಲಿ. ದೇವರ ಹೆಸರು, ಪುರಾಣ ಎಲ್ಲ ಅದರ ಮೇಲೆ ಬಂದು ಕೂರುತ್ತವೆ, ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬುದು ನನ್ನ ವಾದ.

ದೂರದ ರಷ್ಯಾದವರ ಹಬ್ಬಗಳೂ ಇದನ್ನೇ ಹೇಳುತ್ತವೆ. 988ರಲ್ಲಿ ಕೀವಿನ ದೊರೆ ವ್ಲಾದಿಮಿರ್ ಕ್ರೈಸ್ತ ಮತ ಹಿಡಿದು, ಸಿಡಿಲಿನ ದೇವರು ಪೆರೂನನ ವಿಗ್ರಹವನ್ನು ದ್ನೀಪರ್ ನದಿಗೆ ಹಾಕಿಸಿದನೆಂದು ಅಲ್ಲಿನ ಹಳೆಯ ಚರಿತ್ರೆ ಹೇಳುತ್ತದೆ. ಆದರೂ ನಡುಬೇಸಗೆಯ ಕುಪಾಲ ರಾತ್ರಿಯಲ್ಲಿ ಜನ ಬೆಂಕಿ ಹಾರುವುದನ್ನು ಬಿಡಲಿಲ್ಲ. ಹಬ್ಬಕ್ಕೆ ಸ್ನಾನಿಕ ಯೋಹಾನನ ಹೆಸರು ಅಂಟಿತು, ಅಷ್ಟೆ. ದನಕರು ಕಾಯುವ ವೇಲೆಸ್ ದೇವರ ಹೊಣೆ ಸಂತ ವ್ಲಾಸನ ಹೆಗಲಿಗೆ ಬಂತು. ನಮ್ಮಲ್ಲಿ ಯಾವ ದೊರೆಯೂ ಮಾರಮ್ಮನನ್ನು ಶಿಂಷಾ ನದಿಗೆ ಎಸೆಯಲಿಲ್ಲ. ಅವಳನ್ನು ಪಾರ್ವತಿಯ ಅಂಶವೆಂದು ಕರೆದರು, ಅವಳ ಹೆಸರಲ್ಲಿ ಕೆಂಡ ಹಾಯುವ ಕೊಂಡವೂ ಉಳಿಯಿತು. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯನ್ನೇ ನೋಡಿ: ಗುಡಿ ಕಾಲಭೈರವೇಶ್ವರನದು, ಅದು ಪುರಾಣದ ಹೆಸರು. ಜನ ಕಷ್ಟಕ್ಕೆ, ವ್ಯಾಜ್ಯಕ್ಕೆ ಉತ್ತರ ಕೇಳುವುದು ಬಸಪ್ಪನನ್ನು, ಉಸಿರಾಡುವ ಒಂದು ಬಸವನನ್ನು. ಕೆಳಗಿನ ಜಾತಿಗಳು ಮೇಲಿನವರ ಆಚಾರ ಹಿಡಿಯುವುದನ್ನು ಎಂ.ಎನ್. ಶ್ರೀನಿವಾಸ್ ಕೊಡಗರ ಕುರಿತ 1952ರ ಪುಸ್ತಕದಲ್ಲಿ ವಿವರಿಸಿದರು. ಆ ಏರಿಕೆಯೂ ಬಸಪ್ಪನ ಮಾತನ್ನು ಪೂಜಾರಿಗೆ ಬಿಟ್ಟುಕೊಡಿಸಲಿಲ್ಲ.

ಇದೆಲ್ಲ ವೇದಕ್ಕಿಂತ ಹಳೆಯದೆನ್ನಲು ಪುರಾವೆ ಎಲ್ಲಿ, ಅಗ್ನಿ ವೇದದ ದೇವರೇ ಅಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಿಚ್ಚು ಹುಟ್ಟಿದ ವರ್ಷ ಹೇಳುವ ಶಾಸನವನ್ನು ನಾನು ಮುಂದಿಡುತ್ತಿಲ್ಲ. ರಷ್ಯಾದ ರೂಢಿಗಳಲ್ಲೂ ಬಹುಪಾಲು ಬರಹಕ್ಕೆ ಇಳಿದದ್ದು ತೀರ ಈಚೆಗೆ. ಆದರೆ ನನ್ನ ವಾದ ನಿಂತಿರುವುದು ವಯಸ್ಸಿನ ಮೇಲಲ್ಲ. ಯಜ್ಞದ ಅಗ್ನಿಗೆ ಹವಿಸ್ಸು ಕೊಡುತ್ತಾರೆ, ಅದು ದೇವತೆಗಳಿಗೆ ಮುಟ್ಟಬೇಕು. ಕಿಚ್ಚಿಗೆ ಏನನ್ನೂ ಕೊಡುವುದಿಲ್ಲ. ದನವೂ ಮನುಷ್ಯನೂ ಅದರೊಳಗಿಂದ ಹಾದು ಈಚೆ ಬರುತ್ತಾರೆ. ಬೆಂಕಿ ಒಂದೇ, ಕೆಲಸ ಬೇರೆ. ಇನ್ನು ಕೆಲವರು ಇದು ದನದ ಮೈಗೆ ಹತ್ತಿದ ಉಣ್ಣಿ ಉದುರಿಸುವ ಉಪಾಯ ಎನ್ನುತ್ತಾರೆ. ಇರಲಿ. ಅಷ್ಟೇ ಆಗಿದ್ದರೆ ಕೊಂಬಿಗೆ ಬಣ್ಣವೇಕೆ, ಹಾರವೇಕೆ, ವರ್ಷಕ್ಕೊಂದೇ ಸಂಜೆ ಏಕೆ? ಉಪಯೋಗ ಇದ್ದಲ್ಲಿ ಭಕ್ತಿ ಇರಬಾರದೆಂಬುದು ಹೊಲ ಉಳದವರ ತರ್ಕ. ದನಕ್ಕೆ ಹಿಂಸೆಯೆಂಬ ಆಕ್ಷೇಪ ಮಾತ್ರ ನಿಜಕ್ಕೂ ತೂಕದ್ದು. ಹೆದರಿದ ಪ್ರಾಣಿಯನ್ನು ಭುಗಿಲೆನ್ನುವ ಉರಿಗೆ ನೂಕುವುದನ್ನು ಯಾವ ರೂಢಿಯೂ ಸಮರ್ಥಿಸಲಾರದು.

ನೇಗಿಲ ಕೆಲಸ ಟ್ರ್ಯಾಕ್ಟರಿಗೆ ಹೋದ ಮೇಲೆ ಕೊಟ್ಟಿಗೆಗಳು ಬರಿದಾಗುತ್ತಿವೆ. ದನವಿಲ್ಲದ ಊರಲ್ಲಿ ಕಿಚ್ಚನ್ನು ಯಾವ ಪುರಾಣವೂ ಉಳಿಸದು. ಒಂದು ಜೊತೆ ಎತ್ತು ಇನ್ನೂ ಕಟ್ಟಿಕೊಂಡಿರುವವರು ಬರುವ ಸಂಕ್ರಾಂತಿಗೂ ಅವುಗಳ ಮೈ ತೊಳೆಯಿರಿ. ಉರಿ ತಗ್ಗುವವರೆಗೆ ಕಾದು, ಹಗ್ಗ ಹಿಡಿದು ನೀವೂ ಜೊತೆಗೆ ಹಾಯಿರಿ.