ಆಹಾರಶುದ್ಧಿಯೂ ಟ್ಯೂನಾ ಮೀನೂ

ಮೇಲುಕೋಟೆಯಲ್ಲಿ ನೆಲೆಸಿ ನಮ್ಮ ನಾಡಿಗೂ ಆಚಾರ್ಯರಾದ ರಾಮಾನುಜರು, ಶ್ರೀಭಾಷ್ಯದಲ್ಲಿ ಭಕ್ತಿಸಾಧನಗಳನ್ನು ಎಣಿಸುವಾಗ, ತಮಗಿಂತ ಹಿಂದಿನ ವಾಕ್ಯಕಾರರ ಮತವನ್ನನುಸರಿಸಿ ವಿವೇಕವನ್ನು ಮೊದಲನೆಯದಾಗಿ ಇಟ್ಟಿರುವರು. ಅಲ್ಲಿ ವಿವೇಕವೆಂದರೆ ತತ್ತ್ವಗಳ ವಿಂಗಡಣೆಯಲ್ಲ, ದೋಷರಹಿತವಾದ ಅನ್ನದಿಂದ ಉಂಟಾಗುವ ಕಾಯಶುದ್ಧಿ. ಅನ್ನಕ್ಕೆ ದೋಷವು ಮೂರು ದಾರಿಗಳಲ್ಲಿ ಬರುವುದಂತೆ: ಪದಾರ್ಥದ ಸ್ವಭಾವದಲ್ಲಿಯೇ ಇರುವ ಜಾತಿದೋಷ, ಅದು ಯಾರಿಂದ ಬಂದಿತೋ ಅವರಿಂದ ತಗಲುವ ಆಶ್ರಯದೋಷ, ಕೂದಲು ಬಿದ್ದುದು ಎಂಜಲಾದುದು ಮೊದಲಾದ ಆಕಸ್ಮಿಕಗಳಿಂದ ಒದಗುವ ನಿಮಿತ್ತದೋಷ. ಎರಡನೆಯದರ ಹೆಸರಿನಲ್ಲಿ ನಮ್ಮ ಸಮಾಜವು ಎಷ್ಟು ಮಂದಿಯನ್ನು ಪಂಕ್ತಿಯಿಂದಾಚೆಗೆ ನಿಲ್ಲಿಸಿತೆಂಬುದನ್ನು ನಾನು ಮರೆತಿಲ್ಲ. ಆದರೂ ಶಾಸ್ತ್ರಕಾರರು ಕನಸಿನಲ್ಲಿಯೂ ಕಾಣದಿದ್ದ ಒಂದು ಪದಾರ್ಥಕ್ಕೆ ಈ ಲಕ್ಷಣಗಳನ್ನು ಹಚ್ಚಿ ನೋಡಿದರೆ, ಅವರು ಎತ್ತಿದ ಪ್ರಶ್ನೆ ಇನ್ನೂ ಹಳತಾಗಿಲ್ಲವೆಂದು ತೋರುವುದು. ಆ ಪದಾರ್ಥವೇ ಟ್ಯೂನಾ, ಮಂಗಳೂರಿನ ಕಡೆಯವರು ಕೇದರವೆನ್ನುವ ಮೀನು.

ಮೀನೆಂದೊಡನೆ ಜಾತಿದೋಷದಲ್ಲಿಯೇ ವಾದ ಮುಗಿಯಿತೆನ್ನುವವರುಂಟು. ಅವರನ್ನು ಒಲಿಸುವುದು ನನ್ನ ಉದ್ದೇಶವಲ್ಲ. ಕಡಲನ್ನೇ ನಂಬಿ ಬದುಕುವವರ ದೃಷ್ಟಿಯಿಂದ ನೋಡಿದರೆ ಈ ಮೀನಿನ ಸ್ವಭಾವದಲ್ಲಿ ಗುಣವೇ ಹೆಚ್ಚು. ನೂರು ಗ್ರಾಂ ಮಾಂಸದಲ್ಲಿ ಇಪ್ಪತ್ತು ಗ್ರಾಮಿಗೂ ಮೇಲ್ಪಟ್ಟ ಪ್ರೋಟೀನು, ಬಿ12 ಜೀವಸತ್ತ್ವ, ಸೆಲೆನಿಯಂ, ಮತ್ತು ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬುಗಳು ಅದರಲ್ಲಿವೆ. ಗರ್ಭಸ್ಥ ಶಿಶುವಿನ ಮೆದುಳೂ ಕಣ್ಣೂ ರೂಪುಗೊಳ್ಳಲು ಬೇಕಾಗುವ ಡಿಎಚ್‌ಎ ಎಂಬುದು ಈ ಕೊಬ್ಬುಗಳಲ್ಲೊಂದು.

ನಿಮಿತ್ತದೋಷಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಸಿಕ್ಕುವುದು ಕಷ್ಟ. ಹಿಡಿದ ಟ್ಯೂನಾವನ್ನು ಒಡನೆಯೇ ಮಂಜುಗಡ್ಡೆಯಲ್ಲಿಡದೆ ಬಿಸಿಲಿಗೆ ಬಿಟ್ಟರೆ, ಅದರ ಮಾಂಸದಲ್ಲಿ ವಿಪುಲವಾಗಿರುವ ಹಿಸ್ಟಿಡಿನ್ ಎಂಬ ಅಂಶವನ್ನು ಸೂಕ್ಷ್ಮಾಣುಗಳು ಹಿಸ್ಟಮಿನ್ ಆಗಿ ಮಾರ್ಪಡಿಸುವುವು. ಆಮೇಲೆ ಎಷ್ಟು ಕುದಿಸಿದರೂ ಅದು ನಾಶವಾಗದು. ತಿಂದವರ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸತೊಡಗುವುದು. ಮಂಗಳೂರಿನ ಧಕ್ಕೆಯಲ್ಲಿ ಮೀನು ಕೊಳ್ಳುವ ಹೆಂಗಸು ಕಿವಿರನ್ನೆತ್ತಿ ಅದರ ಕೆಂಪನ್ನು ನೋಡುವುದು, ಬೆರಳಿನಿಂದ ಬೆನ್ನನ್ನೊತ್ತಿ ಗುಳಿ ಉಳಿಯುವುದೋ ಮೇಲೇಳುವುದೋ ಎಂದು ಪರೀಕ್ಷಿಸುವುದು, ಕಣ್ಣು ಮಸುಕಾಗಿದ್ದರೆ ಬೆಲೆ ಕೇಳದೆಯೇ ಮುಂದಿನ ಬುಟ್ಟಿಗೆ ಹೋಗುವುದು, ಇವೆಲ್ಲ ವಾಕ್ಯಕಾರರು ಹೇಳಿದ ವಿವೇಕವೇ. ಭಾಷ್ಯವನ್ನೋದಿದ ನಮ್ಮಲ್ಲಿ ಎಷ್ಟು ಮಂದಿಗೆ ಅಷ್ಟು ವಿವೇಕವಿದೆಯೋ ಕಾಣೆ.

ಆದರೆ ಆ ಬೆರಳಿಗೆ ಸಿಕ್ಕದ ದೋಷವೊಂದು ಅದೇ ಮಾಂಸದೊಳಗಿದೆ. ದೊಡ್ಡ ಮೀನು ಚಿಕ್ಕದನ್ನು ನುಂಗುವುದನ್ನು ಅರ್ಥಶಾಸ್ತ್ರಕಾರರು ಮತ್ಸ್ಯನ್ಯಾಯವೆಂದು ಕರೆದು, ದಂಡಧರನಿಲ್ಲದ ನಾಡಿಗೆ ದೃಷ್ಟಾಂತವಾಗಿ ಕೊಟ್ಟರು. ಬಲಿಷ್ಠನಿಗೆ ಲಾಭ, ದುರ್ಬಲನಿಗೆ ನಾಶವೆಂದು ಅವರ ಅಭಿಪ್ರಾಯ. ಪಾದರಸದ ವಿಷಯದಲ್ಲಾದರೋ ಈ ನ್ಯಾಯವು ತಿರುವುಮುರುವಾಗುವುದು. ಕಡಲಿನ ಸೂಕ್ಷ್ಮಸಸ್ಯಗಳಿಂದ ಕಣ್ಣಿಗೆ ಕಾಣದ ಜೀವಿಗಳಿಗೆ, ಅವುಗಳಿಂದ ಬೂತಾಯಿ ಬಂಗುಡೆಗಳಿಗೆ, ಅಲ್ಲಿಂದ ಟ್ಯೂನಾಕ್ಕೆ ಏರುತ್ತ ಹೋಗುವ ಮೀಥೈಲ್ ಪಾದರಸವು ಹೆಜ್ಜೆಹೆಜ್ಜೆಗೂ ಸಾಂದ್ರವಾಗಿ, ನುಂಗಿದವನೇ ನುಂಗಿಸಿಕೊಂಡವರೆಲ್ಲರ ಸಾಲವನ್ನು ಹೊರುವಂತಾಗುವುದು. ಅದು ಸ್ನಾಯುವಿನ ಪ್ರೋಟೀನಿಗೇ ಅಂಟಿಕೊಳ್ಳುವುದರಿಂದ ತೊಳೆದರೂ ಹೋಗದು, ಬೇಯಿಸಿದರೂ ಹೋಗದು. ವಿಜಯನಗರ ಕಾಲದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹದಲ್ಲಿ ರಸೇಶ್ವರದರ್ಶನವೆಂಬ ಒಂದು ಪ್ರಕರಣವೇ ಇದ್ದು, ಸಂಸ್ಕಾರಹೊಂದಿದ ಪಾದರಸದಿಂದ ದೇಹವನ್ನು ಸ್ಥಿರಗೊಳಿಸಿ ಜೀವನ್ಮುಕ್ತಿಯನ್ನು ಪಡೆಯಬಹುದೆಂಬ ಮತವನ್ನು ಅಲ್ಲಿ ನಿರೂಪಿಸಿದೆ. ಆ ಸಿದ್ಧರು ಬಯಸಿ ಅರಸಿದ ಧಾತುವು ಬಯಸದವರ ತಟ್ಟೆಗೆ ತಾನಾಗಿ ಬಂದು ಬೀಳುತ್ತಿರುವುದು ವಿಧಿಯ ಹಾಸ್ಯವಲ್ಲದೆ ಮತ್ತೇನು?

ಪ್ರಮಾಣವನ್ನರಿಯದೆ ಹೆದರುವುದೂ ಅವಿವೇಕವೇ. ದೇಹತೂಕದ ಕಿಲೋ ಒಂದಕ್ಕೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸದವರೆಗೆ ಸಹ್ಯವೆಂದು ಅಂತರರಾಷ್ಟ್ರೀಯ ತಜ್ಞಸಮಿತಿಯು 2003ರಲ್ಲಿ ನಿಗದಿಮಾಡಿತು. 50 ಕಿಲೋ ತೂಗುವ ಹೆಂಗಸಿಗೆ 80 ಮೈಕ್ರೋಗ್ರಾಂ ಎಂದಾಯಿತು. ಅಮೆರಿಕದ ಆಹಾರ ಇಲಾಖೆಯ ಸರಾಸರಿಯಂತೆ ಹಳದಿ ರೆಕ್ಕೆಯ ಟ್ಯೂನಾದಲ್ಲಿ ಅದು ಸುಮಾರು 225 ಗ್ರಾಮಿಗೇ ತುಂಬುವುದು; ಬಹುಮಟ್ಟಿಗೆ ಚಿಕ್ಕ ಜಾತಿಯಾದ ಸ್ಕಿಪ್‌ಜಾಕ್‌ನಿಂದ ಮಾಡಿದ ಡಬ್ಬಿಯ ಮೀನಿನಲ್ಲಾದರೆ 600 ಗ್ರಾಂ ದಾಟಬೇಕು. ಬಸುರಿಯರು ದೊಡ್ಡ ಕಣ್ಣಿನ ಟ್ಯೂನಾವನ್ನು ಬಿಡಬೇಕೆಂದೂ, ಆದರೆ ಮೀನನ್ನೇ ಬಿಡಬಾರದೆಂದೂ ಆ ದೇಶದವರು ಹೇಳುವರು. ಇದು ಸಮಂಜಸವಾದ ಮಾತು.

ಹಾಗಾದರೆ ಈ ದೋಷ ಮೂರರಲ್ಲಿ ಯಾವುದು? ಮೀನಿನ ಸ್ವಭಾವದ್ದಲ್ಲ, ಆಕಸ್ಮಿಕವೂ ಅಲ್ಲ. ಜಪಾನಿನ ಮಿನಮಾಟದಲ್ಲಿ ಒಂದು ರಾಸಾಯನಿಕ ಕಾರ್ಖಾನೆಯು ಹರಿಯಬಿಟ್ಟ ಪಾದರಸದಿಂದ ಕೊಲ್ಲಿಯ ಮೀನು ಚಿಪ್ಪುಗಳು ವಿಷವಾದುವು. ರೋಗವು 1956ರಲ್ಲಿಯೇ ಪತ್ತೆಯಾದರೂ ವಿಸರ್ಜನೆ ನಿಂತುದು 1968ರಲ್ಲಿ. ಅಲ್ಲಿನ ಬೆಸ್ತರ ಹೆಂಗಸರೂ ಮೀನಿನ ಹೊಸತನವನ್ನು ಚೆನ್ನಾಗಿ ಬಲ್ಲವರೇ. ತಾವು ಹೆಚ್ಚೇನೂ ನರಳದೆಯೇ ಅಂಗವಿಕಲರಾದ ಮಕ್ಕಳನ್ನು ಹೆತ್ತರು, ಏಕೆಂದರೆ ಈ ವಿಷವು ತಾಯಿಯ ರಕ್ತದಿಂದ ಗರ್ಭಕ್ಕೆ ಸರಾಗವಾಗಿ ದಾಟುವುದು. ಆಶ್ರಯದೋಷವೆಂಬ ಹೆಸರು ಸಲ್ಲುವುದಾದರೆ ಇಲ್ಲಿಯೇ ಸಲ್ಲಬೇಕು. ಅದೂ ಹಿಡಿದು ತಂದವನ ಕುಲಕ್ಕಲ್ಲ, ನೀರನ್ನು ಕೆಡಿಸಿದವನ ಕೃತ್ಯಕ್ಕೆ.

ಟ್ಯೂನಾದ ಕಡಲನ್ನು ಕೆಡಿಸಿದವರು ಯಾರೋ ಒಬ್ಬರಲ್ಲ. ಕಲ್ಲಿದ್ದಲಿನಲ್ಲಿ ಲೇಶಮಾತ್ರವಾಗಿರುವ ಪಾದರಸವು ಅದನ್ನು ಸುಟ್ಟಾಗ ಆವಿಯಾಗಿ ಹೊರಟು, ತಿಂಗಳುಗಟ್ಟಲೆ ಗಾಳಿಯಲ್ಲಿ ಸಂಚರಿಸಿ, ದೂರದ ಸಾಗರಗಳಲ್ಲಿ ಇಳಿಯುವುದು. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲೂ ಇದಕ್ಕೆ ಹೊರತಲ್ಲ. ಮೀನನ್ನು ಮುಟ್ಟದ ಗೃಹಸ್ಥನು ವಿದ್ಯುದ್ದೀಪದ ಬೆಳಕಿನಲ್ಲಿ ಕುಳಿತು ತನ್ನ ಆಹಾರಶುದ್ಧಿಯನ್ನು ನೆನೆದು ಸಂತೋಷಪಡುವಾಗ, ಅವನು ಕಾಣದ ಯಾವುದೋ ತೀರದ ತಾಯಿಯ ಅನ್ನಕ್ಕೆ ಅವನೇ ದುಷ್ಟವಾದ ಆಶ್ರಯವಾಗಿರಬಹುದು. ವಾಕ್ಯಕಾರರ ವಿವೇಕವು ಉಣ್ಣುವವನಿಗೆ ಹೇಳಿದುದು; ಉಣ್ಣದೆಯೂ ಅನ್ನವನ್ನು ಕೆಡಿಸಬಲ್ಲವನಿಗೆ ಹೇಳಿದ ವಿವೇಕವನ್ನು ನಾನು ನಮ್ಮ ಆಚಾರಗ್ರಂಥಗಳಲ್ಲಿ ಕಂಡಿಲ್ಲ. ಅಂತಹುದನ್ನು ಹೇಳಲು ಹೊರಟಿರುವುದು ಯಾವ ಮಠವೂ ಅಲ್ಲ. ಮಿನಮಾಟದ ಹೆಸರಿನಲ್ಲಿ 2013ರಲ್ಲಿ ಆದ, ಭಾರತವೂ 2018ರಲ್ಲಿ ಅಂಗೀಕರಿಸಿದ ಒಂದು ಒಡಂಬಡಿಕೆ. ಹಳೆಯ ಸ್ಥಾವರಗಳಿಗೆ ಅದು ಹೊಗೆಯ ಬಗೆಗೆ ಕ್ರಮ ಕೈಗೊಳ್ಳಲು 10 ವರ್ಷಗಳ ಅವಕಾಶವನ್ನು ಕೊಟ್ಟಿದೆ. ಬಸುರಿಯರಿಗೆ ಹೇಳಿದ ಪಥ್ಯವಾದರೋ ಈ ವಾರದಿಂದಲೇ ನಡೆಯತಕ್ಕದ್ದು.