ಒಂದೇ ಉಸಿರಿನಲ್ಲಿ ಹೇಳುವ ಪದ

ಪಕ್ಕದ ಮನೆಯ ಹುಡುಗಿ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿನ ಪದಸ್ಪರ್ಧೆಗೆಂದು ಇಂಗ್ಲಿಷ್ ಪದಗಳ ಪಟ್ಟಿ ಮಾಡಿ ಒಂದು ನೋಟ್‌ಬುಕ್ ತುಂಬಿಸಿದ್ದಳು. ಅದರ ಒಂದು ಪುಟದಲ್ಲಿ ಪಿ ಮತ್ತು ಎನ್ ಅಕ್ಷರಗಳಿಂದ ಶುರುವಾಗುವ ಪದಗಳು ಮಾತ್ರ ಇದ್ದವು: ನ್ಯುಮೋನಿಯಾ, ನ್ಯುಮ್ಯಾಟಿಕ್, ನ್ಯುಮೋಥೊರಾಕ್ಸ್, ನ್ಯುಮೋಕೋನಿಯೋಸಿಸ್. ಎಲ್ಲದರಲ್ಲೂ ಪಿ ಬರೆಯಬೇಕು, ಉಚ್ಚರಿಸಬಾರದು. ಪಟ್ಟಿಯ ಕೊನೆಯಲ್ಲಿ 45 ಅಕ್ಷರಗಳ ಪದವೊಂದು ಎರಡು ಸಾಲಿಗೆ ಹರಡಿಕೊಂಡಿತ್ತು. "ಅಕ್ಕಾ, ಇದನ್ನ ಒಂದೇ ಉಸಿರಲ್ಲಿ ಹೇಳ್ತೀನಿ ಕೇಳಿ" ಎಂದವಳೇ ಹೇಳಿಯೂ ಬಿಟ್ಟಳು: ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. ಎದುರಿಗೆ ಬರೆದುಕೊಂಡಿದ್ದ ಅರ್ಥ: 'ಶ್ವಾಸಕೋಶದ ಒಂದು ರೋಗ'.

ಅರ್ಥ ಸರಿಯಾಗಿಯೇ ಇತ್ತು. ಆದರೂ ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಒಂದು ಪದದ ಅರ್ಥ ಗೊತ್ತು ಎನ್ನುವಾಗ ನಮಗೆ ನಿಜವಾಗಿ ಏನು ಗೊತ್ತಿರುತ್ತದೆ? ಆ ಪದ ಯಾವುದನ್ನು ಹೆಸರಿಸುತ್ತದೆಯೋ ಅದರ ಬಗ್ಗೆ ನಮಗೇನಾದರೂ ಹೊಣೆ ಇದೆಯೇ?

ಮೊದಲು ಪದವನ್ನು ಬಿಡಿಸಿ ನೋಡೋಣ. ದೀರ್ಘ ಸಮಾಸಗಳನ್ನು ಬಿಡಿಸುವುದು ನಮಗೇನೂ ಹೊಸದಲ್ಲ. ಬಾಣನನ್ನು ಓದಿದವರನ್ನು ಇಂಗ್ಲಿಷ್ ಹೆದರಿಸಲಾರದು. ಗ್ರೀಕಿನ 'ನ್ಯೂಮ' ಎಂದರೆ ಉಸಿರು, ಗಾಳಿ, ಆತ್ಮವೂ ಹೌದು. ಅದರ ಬಳಗದ 'ನ್ಯೂಮೋನ್' ಶ್ವಾಸಕೋಶ. ನಡುವೆ ಅತಿಸೂಕ್ಷ್ಮ, ಸಿಲಿಕಾ, ಜ್ವಾಲಾಮುಖಿ. 'ಕೋನಿಸ್' ಎಂದರೆ ಧೂಳು. ಜ್ವಾಲಾಮುಖಿಯಿಂದ ಬಂದ ಅತಿಸೂಕ್ಷ್ಮ ಸಿಲಿಕಾ ಧೂಳಿನಿಂದ ಶ್ವಾಸಕೋಶಕ್ಕೆ ತಗಲುವ ರೋಗ ಎಂದಾಯಿತು. ಈ ಪದ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಅಮೆರಿಕದ ಒಗಟುಪ್ರಿಯರ ಸಂಘ ನ್ಯಾಷನಲ್ ಪಜ್ಲರ್ಸ್ ಲೀಗ್‌ನ ಅಧ್ಯಕ್ಷ ಎವರೆಟ್ ಸ್ಮಿತ್ 1935ರಲ್ಲಿ ಇದನ್ನು ಕಟ್ಟಿದರು. ಅತಿ ಉದ್ದದ ಪದ ಬೇಕಿತ್ತು, ಅಷ್ಟೇ. ಪತ್ರಿಕೆಯಲ್ಲಿ ಸುದ್ದಿಯಾಯಿತು, ಮುಂದೆ ನಿಘಂಟಿಗೂ ಸೇರಿತು. ವೈದ್ಯರು ಆ ರೋಗಕ್ಕೆ ಹೇಳುವುದು ಸಿಲಿಕೋಸಿಸ್ ಎಂದು.

ಅದೇ ವರ್ಷಗಳಲ್ಲಿ ಅದೇ ದೇಶದಲ್ಲಿ ಈ ಪದದ ವಸ್ತು, ಅಂದರೆ ಧೂಳು, ಮನುಷ್ಯರನ್ನು ಕೊಲ್ಲುತ್ತಿತ್ತು. ವೆಸ್ಟ್ ವರ್ಜೀನಿಯಾದ ಗಾಲಿ ಬ್ರಿಜ್ ಬಳಿಯ ಹಾಕ್ಸ್ ನೆಸ್ಟ್‌ನಲ್ಲಿ 1930ರಲ್ಲಿ ಸುರಂಗವೊಂದರ ಕೆಲಸ ಶುರುವಾಯಿತು. ನದಿಯನ್ನು ತಿರುಗಿಸಿ ವಿದ್ಯುತ್ ಪಡೆಯುವ ಯೋಜನೆ. ಅದರ ಹಿಂದೆ ಇದ್ದದ್ದು ಯೂನಿಯನ್ ಕಾರ್ಬೈಡ್. (ಹೌದು, ಭೋಪಾಲದಲ್ಲಿ ಮತ್ತೆ ಕೇಳಿಬಂದ ಅದೇ ಹೆಸರು.) ಸಿಲಿಕಾ ತುಂಬಿದ್ದ ಮರಳುಗಲ್ಲನ್ನು ನೀರು ಹಾಯಿಸದೆ ಒಣದಾಗಿಯೇ ಕೊರೆಸಿದರು. ನೀರು ಹಾಯಿಸಿದರೆ ಧೂಳು ಅಡಗುತ್ತದೆ, ಆದರೆ ಕೆಲಸ ನಿಧಾನವಾಗುತ್ತದೆ. ಒಳಗಿದ್ದವರಲ್ಲಿ ಹೆಚ್ಚಿನವರು ಕೆಲಸ ಹುಡುಕಿಕೊಂಡು ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನ. ಅವರಿಗೆ ಮುಖಕವಚ ಕೊಡಲಿಲ್ಲ. ಎಷ್ಟು ಮಂದಿ ಸತ್ತರು ಎಂಬುದಕ್ಕೆ ಇಂದಿಗೂ ಒಂದೇ ಉತ್ತರವಿಲ್ಲ. ಕಂಪನಿ ಕಡೆಯವರು ಒಪ್ಪಿದ್ದು 109. ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಕೇಳಿಬಂದದ್ದು 476. ದಶಕಗಳ ನಂತರ ಮಾರ್ಟಿನ್ ಚೆರ್ನಿಯಾಕ್ ಎಂಬ ವೈದ್ಯರು ದಾಖಲೆಗಳನ್ನು ಜಾಲಾಡಿ 764 ಎಂದು ಅಂದಾಜಿಸಿದರು. ಸಾವಿನ ದಾಖಲೆಗಳಲ್ಲಿ ಎಷ್ಟೋ ಮಂದಿಯ ಹೆಸರಿನ ಮುಂದೆ ಬರೆದಿದ್ದ ಕಾರಣ ನ್ಯುಮೋನಿಯಾ.

ಇಲ್ಲಿಗೆ ಬಂದಾಗ ಆ ಹುಡುಗಿಯ ಪಟ್ಟಿ ನನಗೆ ಬೇರೆಯೇ ರೀತಿ ಕಾಣತೊಡಗಿತು. ನ್ಯುಮೋನಿಯಾದ ಮೊದಲ ಏಳು ಅಕ್ಷರಗಳು, ಪಿಯಿಂದ ಎರಡನೆಯ ಎನ್‌ವರೆಗೆ, ಆ 45 ಅಕ್ಷರಗಳ ಪದದ ಮೊದಲ ಏಳೂ ಹೌದು. ಅಲ್ಲಿಂದ ಮುಂದೆ ಎರಡರ ದಾರಿ ಬೇರೆಯಾಗುತ್ತದೆ. ಚಿಕ್ಕ ಪದ 'ಇವನಿಗೆ ಶ್ವಾಸಕೋಶದ ಕಾಯಿಲೆ ಬಂತು' ಎಂದು ಹೇಳಿ ನಿಲ್ಲುತ್ತದೆ. ಚಳಿಗೂ ಬರುತ್ತದೆ, ಯಾರಿಗಾದರೂ ಬರುತ್ತದೆ. ಆಟಕ್ಕೆಂದು ಕಟ್ಟಿದ ಪದ ಮಾತ್ರ ನಿಲ್ಲದೆ ಮುಂದೆ ಹೋಗಿ ಸಿಲಿಕಾ ಎನ್ನುತ್ತದೆ, ಧೂಳು ಎನ್ನುತ್ತದೆ. ಚಿಕ್ಕ ಪದ ಸಾಕಾಗುವಲ್ಲಿ ದೊಡ್ಡದನ್ನು ಬಳಸಬೇಡಿ ಎಂದು ಜಾರ್ಜ್ ಆರ್ವೆಲ್ 1946ರ ಪ್ರಬಂಧವೊಂದರಲ್ಲಿ ಹೇಳಿದ್ದರು. ಪ್ರಬಂಧ ತಿದ್ದುವಾಗಲೆಲ್ಲ ನಾನೂ ಆ ಮಾತನ್ನು ನೆನೆಯುತ್ತೇನೆ. ಆದರೆ ಇಲ್ಲಿ ಸುಳ್ಳು ಹೇಳಿದ್ದು ಚಿಕ್ಕ ಪದ. 'ಸಾಕಾಗುವಲ್ಲಿ' ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಯಾರಿಗೆ ಸಾಕು? ದಾಖಲೆ ಮುಗಿಸಬೇಕಾದವರಿಗೆ ನ್ಯುಮೋನಿಯಾ ಧಾರಾಳವಾಗಿ ಸಾಕಿತ್ತು.

ಹಾಗೆಂದು ಒಗಟಿನವರ ಪದವನ್ನು ಸತ್ಯವಂತ ಎಂದು ಹೊಗಳಲೂ ಮನಸ್ಸು ಬಾರದು. ಅದರ ಹೊಟ್ಟೆಯಲ್ಲೊಂದು ಜ್ವಾಲಾಮುಖಿ ಕೂತಿದೆ. ಜ್ವಾಲಾಮುಖಿಯ ಮೇಲೆ ದಾವೆ ಹೂಡಲಾಗುವುದಿಲ್ಲ, ಅದಕ್ಕೆ ಗುತ್ತಿಗೆದಾರನಿಲ್ಲ, ಲಾಭವಿಲ್ಲ. ಗಾಲಿ ಬ್ರಿಜ್‌ನ ಧೂಳು ತಾನಾಗಿ ಎದ್ದದ್ದಲ್ಲ, ಎಬ್ಬಿಸಿದವರಿದ್ದರು. ಪದ ಕಟ್ಟಿದವರಿಗೆ ಸುರಂಗದ ಸುದ್ದಿ ಮರೆಮಾಚುವ ಉದ್ದೇಶವಿತ್ತು ಎಂದು ನಾನು ಹೇಳುತ್ತಿಲ್ಲ. ಅವರು ಅಕ್ಷರ ಎಣಿಸುತ್ತಿದ್ದರು. ಆಟ ಪಾಪವೆಂದೂ ನನಗನ್ನಿಸುವುದಿಲ್ಲ. ಮಾತನ್ನು ಪ್ರೀತಿಸುವವರೆಲ್ಲ ಮೊದಲು ಅದರೊಡನೆ ಆಡಿದವರೇ. ನನ್ನ ತಕರಾರು ಇಷ್ಟೇ: ಆಟ ಮುಗಿದ ಮೇಲೂ ನಾವು ಅರ್ಥದ ಅಂಕಣವನ್ನು ಅಷ್ಟಕ್ಕೇ ಬಿಟ್ಟುಬಿಡುತ್ತೇವೆ.

ಇದು ದೂರದ ಊರಿನ ಹಳೆಯ ಕಥೆಯೂ ಅಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆದವರ ಎದೆಗೂ ಸಿಲಿಕಾ ಇಳಿದಿತ್ತು. ನಮ್ಮ ದೇಶದ ಕಲ್ಲುಕ್ವಾರಿಗಳಲ್ಲಿ, ಕ್ರಷರ್‌ಗಳಲ್ಲಿ ಈಗಲೂ ಇಳಿಯುತ್ತಿದೆ. ಕೆಮ್ಮುತ್ತ ಬಂದ ಕೂಲಿಯವನ ಚೀಟಿಯಲ್ಲಿ ಎಷ್ಟೋ ಸಲ ಟಿಬಿ ಎಂದು ಬರೆಯುತ್ತಾರೆ. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ, ಎಕ್ಸ್‌ರೇಯಲ್ಲಿ ಎರಡನ್ನೂ ಬೇರೆ ಮಾಡುವುದು ಸುಲಭವಲ್ಲ. ಹಾಗಾಗಿ ಎಲ್ಲ ಕಡೆ ಮೋಸವೇ ಎನ್ನಲಾಗದು. ಆದರೆ ಟಿಬಿ ಎಂದಾಗ ಅದು ರೋಗಿಯ ಕಾಯಿಲೆ. ಬೀಡಿ ಸೇದುತ್ತಿದ್ದನೇ, ಸರಿಯಾಗಿ ಉಣ್ಣುತ್ತಿದ್ದನೇ ಎಂದು ಅವನನ್ನೇ ಕೇಳುತ್ತಾರೆ. ಸಿಲಿಕೋಸಿಸ್ ಎಂದರೆ ಕಾನೂನಿನ ಕಣ್ಣಲ್ಲಿ ಅದು ಉದ್ಯೋಗದ ರೋಗ. ಆಗ ಪ್ರಶ್ನೆ ಮಾಲೀಕನ ಕಡೆ ತಿರುಗುತ್ತದೆ, ಪರಿಹಾರದ ಮಾತು ಬರುತ್ತದೆ. ಚೀಟಿಯಲ್ಲಿ ಯಾವ ಪದ ಬೀಳುತ್ತದೆ ಎಂಬುದರ ಮೇಲೆ ಒಂದು ಮನೆಯ ಅನ್ನ ನಿಂತಿರುತ್ತದೆ.

ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಭಾಷಣವಾಯಿತೇನೋ ಎಂಬ ಅಳುಕೂ ಇತ್ತು. ಅವಳು ಸುಮ್ಮನೆ ಕೇಳಿಸಿಕೊಂಡು, ಅರ್ಥದ ಅಂಕಣದಲ್ಲಿ 'ಒಂದು ರೋಗ' ಎಂಬುದನ್ನು ಹೊಡೆದುಹಾಕಿ 'ಧೂಳಿನಿಂದ' ಎಂದು ಸೇರಿಸಿದಳು. ಆಮೇಲೆ ಪುಟದ ಅಂಚಿನಲ್ಲಿ ಸಿಲಿಕೋಸಿಸ್ ಎಂದು ಇಂಗ್ಲಿಷಿನಲ್ಲಿ ಬರೆದು ಬೆರಳಿನಿಂದ ಅಕ್ಷರ ಎಣಿಸಿದಳು. ಒಂಬತ್ತು. ನ್ಯುಮೋನಿಯಾಕ್ಕೂ ಒಂಬತ್ತೇ.

"ಇದನ್ನ ಸ್ಪರ್ಧೆಯಲ್ಲಿ ಕೇಳಲ್ಲ ಅಕ್ಕಾ" ಎಂದಳು, "ತುಂಬಾ ಚಿಕ್ಕದು."